ಕರೆಂಟಿಲ್ಲದೆ ನಡೆದ ನನ್ನ ಮಗ್ಗ ಮತ್ತು ನಮ್ಮ ಬಾಗಿಲ ಮೇಲಿನ ನಿಮ್ಮ ಚೀಟಿ

ಮಾನ್ಯ ಠಾಣಾಧಿಕಾರಿಗಳೇ,

ಮೊನ್ನೆ ನನ್ನ ಕನಸಿನಲ್ಲಿ ಕಳ್ಳ ಬಂದಿದ್ದ. ಬಂದವನು ಬಾಗಿಲು ಒಡೆಯಲಿಲ್ಲ. ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು, ಕಿಸೆಯಿಂದ ಚಸ್ಮಾ ತೆಗೆದು ಏರಿಸಿಕೊಂಡು, ನಿಮ್ಮ ಠಾಣೆಯವರು ನಮ್ಮ ಬಾಗಿಲಿಗೆ ಅಂಟಿಸಿಹೋದ ಚೀಟಿಯನ್ನು ಸಮಾಧಾನದಿಂದ ಓದಿದ. ‘ಸದರಿ ಮನೆಯ ಮಾಲೀಕರು ಪರಸ್ಥಳಕ್ಕೆ ತೆರಳಿರುತ್ತಾರೆ. ಬೀಗ ಹಾಕಿದ ಈ ಮನೆಯು ಪೊಲೀಸ್ ನಿಗಾದಲ್ಲಿರುತ್ತದೆ.’ ಓದಿ ಮುಗಿಸಿ, “ಹಂಗಾರ ಅವಸರ ಏನೂ ಇಲ್ಲ ಬಿಡು” ಎಂದು ತನಗೆ ತಾನೇ ಹೇಳಿಕೊಂಡು ತಿರುಗಿ ಹೋದ. ಹೋದವನು ಹೆಂಡತಿಯನ್ನೂ ಅತ್ತೆಯನ್ನೂ ಕರೆದುಕೊಂಡು ಬಂದ. ನಮ್ಮ ಒಲೆಯ ಮೇಲೆ ಅವರ ಅಡುಗೆ ಬೇಯತೊಡಗಿತು. ನಾನು ಮಗ್ಗದ ಹಿಂದೆ ಅಡಗಿ ಕುಳಿತಿದ್ದೆ. ಕನಸಿನಲ್ಲೂ ನನ್ನ ಧೈರ್ಯ ಅಷ್ಟೇ. ಕಳ್ಳನ ಅತ್ತೆ “ಉಪ್ಪಿನ ಡಬ್ಬಿ ಎಲ್ಲೈತ್ರಿ?” ಎಂದು ಗಾಳಿಗೆ ಕೇಳಿದರೆ, “ಎಡಗಡಿ ಫಳಿ ಮ್ಯಾಲ ಐತ್ರಿ” ಎಂದು ಹೇಳಿಕೊಟ್ಟವನೂ ನಾನೇ. ಅವರು ಉಂಡರು, ಪಾತ್ರೆ ತೊಳೆದು ಬೋರಲು ಹಾಕಿದರು, ಕಸ ಕೂಡ ಹೊಡೆದರು. ಆದರೆ ಹೋಗುವಾಗ ಹಿತ್ತಲ ಬಾಗಿಲ ಚಿಲಕ ಹಾಕುವುದನ್ನು ಮರೆತರು. ಅಲ್ಲಿಗೆ ನಾನು ಚೀರಿಕೊಂಡು ಎದ್ದೆ.

ಸುತ್ತುಬಳಸದೆ ಹೇಳುತ್ತೇನೆ. ನನ್ನ ದೂರು ಕಳ್ಳನ ಮೇಲಲ್ಲ. ಅವನು ಇನ್ನೂ ಬಂದಿಲ್ಲ. ನನ್ನ ದೂರು ನಿಮ್ಮ ಆ ಚೀಟಿಯ ಮೇಲೆ. ಕಳವು ಆಗಬಾರದೆಂದು ನೀವು ಅಂಟಿಸಿದ ಕಾಗದ ಕಳ್ಳನಿಗೆ ನಮ್ಮ ಮನೆಯ ಪರವಾಗಿ ಕೊಟ್ಟ ಆಮಂತ್ರಣದಂತಿದೆ, ಮತ್ತು ಅದು ಈಗಲೂ ನಮ್ಮ ಬಾಗಿಲ ಮೇಲಿದೆ. ಇನ್ನು ಕೆಲವೇ ದಿನಗಳಲ್ಲಿ ಮುಧೋಳದಲ್ಲಿ ನನ್ನ ಒಬ್ಬಳೇ ಮಗಳ ಕುಬಸ, ಚೊಚ್ಚಲ ಬಸುರಿನ ಸೀಮಂತ. ಅಂದು ನಾನು ಅಲ್ಲಿರಬೇಕು. ಪೂರ್ತಿ ಇರಬೇಕು. ಈ ಚೀಟಿಯನ್ನು ಬಾಗಿಲ ಮೇಲೆ ಬಿಟ್ಟು ನಾನು ಹೋಗಲಾರೆ. ಹೋಗದಿದ್ದರೆ ಮಗಳು ನನ್ನ ಮುಖ ನೋಡುವುದಿಲ್ಲ. ಇದರ ನಡುವೆ ಸಿಕ್ಕಿಕೊಂಡವನು ಬಹಿರಂಗ ಪತ್ರ ಬರೆಯದೆ ಇನ್ನೇನು ಮಾಡಬೇಕು, ನೀವೇ ಹೇಳಿ.

ನಾನು ಯಾರು ಎಂದು ಹೇಳುತ್ತೇನೆ, ಎಲ್ಲಿರುತ್ತೇನೆ ಎಂದು ಮಾತ್ರ ಕೇಳಬೇಡಿ. ಇದನ್ನು ಯಾರು ಯಾರು ಓದುತ್ತಾರೋ ಗೊತ್ತಿಲ್ಲ. ರಬಕವಿ-ಬನಹಟ್ಟಿ ಕಡೆಯ ನೇಕಾರ ಎಂದುಕೊಳ್ಳಿ. ಈ ಕಡೆ ಕಲ್ಲು ಎಸೆದರೆ ನೇಕಾರನ ಮನೆಯ ಮೇಲೇ ಬೀಳುತ್ತದೆ, ಹಾಗಾಗಿ ಅಷ್ಟು ಹೇಳಿದ್ದರಿಂದ ಅಪಾಯವಿಲ್ಲ. ಏಳನೇ ಇಯತ್ತೆಯ ನಡುವೆ ಸಾಲೆ ಬಿಟ್ಟು ಮಗ್ಗಕ್ಕೆ ಬಂದವನು. ವ್ಯಾಕರಣ ಕಲಿಯುವ ಮುಂಚೆಯೇ ಮಾಸ್ತರರ ಕೈ ತಪ್ಪಿಸಿಕೊಂಡೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ‘ಸದರಿ’ ಎಂಬ ಪದವನ್ನು ಮಾತ್ರ ನಿಮ್ಮ ಚೀಟಿಯಿಂದ ಕಲಿತೆ. ದಿನಾಲೂ ಬಾಗಿಲು ತೆಗೆಯುವಾಗ, ಹಾಕುವಾಗ ಓದಿ ಓದಿ ಬಾಯಿಪಾಠವಾಗಿದೆ.

ಭಯ ಪಡುವುದರಲ್ಲಿ ಮಾತ್ರ ನಾನು ಪೂರ್ತಿ ಓದಿದವನು. ಕೀಲಿ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ. ಓಣಿಯ ಮೂಲೆಯ ತನಕ ಹೋಗಿ ತಿರುಗಿ ಬಂದು ಮತ್ತೆ ಜಗ್ಗುತ್ತೇನೆ. ಜಗ್ಗಿದ್ದರಿಂದಲೇ ಸಡಿಲಾಯಿತೇನೋ ಎಂಬ ಅನುಮಾನ ಬಂದು ಇನ್ನೊಮ್ಮೆ ಬರುತ್ತೇನೆ. ನನ್ನ ಹೆಂಡತಿ ಅನಸವ್ವ ಈಗ ನನ್ನ ಜೊತೆ ಹೊರಡುವುದನ್ನೇ ಬಿಟ್ಟಿದ್ದಾಳೆ. ಮೊದಲೇ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕುಳಿತಿರುತ್ತಾಳೆ. “ಮನ್ಯಾಗ ಅಂಥಾದ್ದು ಏನೈತ್ರಿ?” ಎಂದು ಆಕೆಯ ಪ್ರಶ್ನೆ. “ಆ ಹಳೇ ಮಗ್ಗಾ ಹೊತಗೊಂಡು ಹೋಗಾಕ ಕಳ್ಳಗ ಹತ್ತು ಆಳು ಬೇಕು. ಅಷ್ಟು ಮಂದಿ ಸಿಕ್ಕರ ನೀವ ಕರಕೊಂಡು ಬರ್ರಿ, ಜಾಗಾ ಆದರೂ ಖಾಲಿ ಆಗಲಿ.” ಆಕೆ ಹೇಳುವುದು ಖರೆ. ಆದರೆ ಮನೆಯಲ್ಲಿ ಏನೂ ಇಲ್ಲ ಎಂಬುದು ಕಳ್ಳನಿಗೆ ಒಳಗೆ ಬಂದ ಮೇಲೆ ತಾನೇ ತಿಳಿಯುವುದು? ಅಷ್ಟರಲ್ಲಿ ಅವನು ಬಂದಾಗಿರುತ್ತದಲ್ಲ! ನನ್ನ ಭಯ ವಸ್ತು ಹೋಗುವುದರದ್ದಲ್ಲ ಸಾಹೇಬರೇ, ಅವನು ಬರುವುದರದ್ದು. ನಾವು ಇಲ್ಲದಾಗ ಯಾರೋ ನಮ್ಮ ಪಡಸಾಲೆಯಲ್ಲಿ ನಿಂತು, ಟ್ರಂಕು ತೆಗೆದು, ಸೊಲ್ಲಾಪುರದ ಚಾದರ ಝಾಡಿಸಿ, “ಇಷ್ಟs ಏನ?” ಎಂದು ನಗುತ್ತಾನೆ ಎಂಬುದನ್ನು ನೆನೆದರೆ ನನಗೆ ಬಸ್ಸಿನಲ್ಲೇ ಬೆವರು ಬರುತ್ತದೆ.

ಹೋದ ಬೇಸಿಗೆಯಲ್ಲಿ ಆ ಕಡೆಯ ಓಣಿಯಲ್ಲಿ ಕಳವಾಯಿತಲ್ಲ, ಎಲ್ಲ ಅಲ್ಲಿಂದಲೇ ಸುರುವಾಗಿದ್ದು. ಅದೂ ಹಾಡುಹಗಲು. ನಮ್ಮ ಓಣಿಗಳಲ್ಲಿ ಕಳ್ಳನಿಗೆ ಕತ್ತಲೆಯ ಹಂಗಿಲ್ಲ. ಎಲ್ಲರ ಮಗ್ಗಗಳೂ ಖಟಕ್ ಖಟಕ್ ಎನ್ನುತ್ತಿರುವಾಗ ಪಕ್ಕದ ಮನೆಯ ಬಾಗಿಲನ್ನು ಹಾರೆಯಿಂದ ಮೀಟಿದರೂ ಕೇಳಿಸುವುದಿಲ್ಲ. ಮಗ್ಗದವರು ಮಾತಾಡುವುದೇ ಕೂಗಿ, ಕೇಳುವುದೇ ತುಟಿ ನೋಡಿ. ಆ ಕಳವಾದ ಮೇಲೆ ನೀವು ಸಮಾಜಮಂದಿರದಲ್ಲಿ ಸಭೆ ಕರೆದಿರಿ. ನಾನು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೆ, ಅದೂ ಕೀಲಿಯನ್ನು ಜಗ್ಗಿ ನೋಡಿಯೇ ಬಂದಿದ್ದೆ. ನೀವು ಚೆನ್ನಾಗಿ ಮಾತಾಡಿದಿರಿ. ಕ್ಯಾಮೆರಾ ಹಾಕಿಸಿ ಎಂದಿರಿ, ನಾಯಿ ಸಾಕಿ ಎಂದಿರಿ. ಊರಿಗೆ ಹೋಗುವ ಸುದ್ದಿಯನ್ನು ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ಹಾಕಬೇಡಿ, ಕಳ್ಳರು ಅದನ್ನೇ ನೋಡುತ್ತಿರುತ್ತಾರೆ ಎಂದಿರಿ. ಮನೆಗೆ ಬೀಗ ಹಾಕಿ ಹೋಗುವವರು ಠಾಣೆಗೆ ತಿಳಿಸಿ ಹೋಗಿ, ನಾವು ನಿಗಾ ಇಡುತ್ತೇವೆ ಎಂದಿರಿ. ಎಲ್ಲರೂ ಚಪ್ಪಾಳೆ ಹೊಡೆದು ಚಹಾ ಕುಡಿದು ಹೋದರು. ನಿಮ್ಮ ಮಾತನ್ನು ಅಕ್ಷರಶಃ ನಂಬಿದವನು ಇಡೀ ಸಭೆಯಲ್ಲಿ ನಾನೊಬ್ಬನೇ ಎಂದು ಆಮೇಲೆ ತಿಳಿಯಿತು.

ಅಳಿಯ ಶಿವಪುತ್ರ ಮುಧೋಳದಲ್ಲಿ ಹೊಸ ಮನೆ ಕಟ್ಟಿಸಿದ್ದರು. ವಾಸ್ತುಶಾಂತಿಗೆ ನಾವು ಹೋಗಲೇಬೇಕು, ಹೆಣ್ಣಿನ ತಂದೆ-ತಾಯಿ ನಿಂತು ಮಗಳು-ಅಳಿಯನಿಗೆ ಬಟ್ಟೆಬರೆಯ ಆಯೇರಿ ಮಾಡಬೇಕು. ಹೊರಡುವ ಮುನ್ನ ಠಾಣೆಗೆ ಬಂದೆ. ಮೇಜಿನ ಹಿಂದಿದ್ದ ನಿಮ್ಮ ಪೊಲೀಸಪ್ಪ ನನ್ನನ್ನು ನೋಡಿ, “ಏನ್ ಕಳವಾಗೈತಿ?” ಎಂದರು.

“ಇನ್ನೂ ಏನೂ ಆಗಿಲ್ರಿ.”

“ಮತ್ತ ಯಾಕ ಬಂದೀದಿ?”

“ಆಗಬಾರದು ಅಂತ ಬಂದೇನ್ರಿ.”

ಅವರು ಪೆನ್ನು ಕೆಳಗಿಟ್ಟು ಒಳಗಿನವರನ್ನು ಕರೆದು, “ಬರ್ರಿ ಇಲ್ಲೆ, ಒಬ್ಬಾವ ಬಂದಾನು” ಎಂದು ತೋರಿಸಿದರು. ನಾನೇ ಮೊದಲಿಗನಂತೆ. ಚೀಟಿಗಳ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಅಂದೇ ಬಿಚ್ಚಿದರು. ನಾವು ಬಸ್ಸಿಗೆ ಹೊರಡುವ ಹೊತ್ತಿಗೆ ಮೋಟರ್ ಸೈಕಲ್ ಮೇಲೆ ಇಬ್ಬರು ಬಂದು, ಡಬ್ಬಿಯಿಂದ ಅಂಟು ಬಳಿದು, ಬಾಗಿಲಿನ ನಡುಮಧ್ಯದಲ್ಲಿ, ಓದಲು ಅನುಕೂಲವಾಗುವ ಎತ್ತರದಲ್ಲಿ ಅಂಟಿಸಿದರು. ಫೋಟೋ ಹೊಡೆದರು. ಫೋಟೋದಲ್ಲಿ ನನ್ನನ್ನೂ ಕೀಲಿ ಹಿಡಿಸಿ ನಿಲ್ಲಿಸಿದರು. ಸಂಜೆಗೆ ಅದು ಊರಿನ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಬಂತು. ‘ಬೀಗ ಹಾಕಿದ ಮನೆಗೆ ಪೊಲೀಸ್ ರಕ್ಷಣೆ.’ ಫೇಸ್‌ಬುಕ್ಕಿನಲ್ಲಿ ಹಾಕಬೇಡ ಎಂದು ನನಗೆ ಹೇಳಿ, ನನ್ನ ಬಾಗಿಲಿಗೂ ಹಾಕಿ, ಗುಂಪಿಗೂ ಹಾಕಿದಿರಿ. ಕಳ್ಳರು ಅದನ್ನೇ ನೋಡುತ್ತಿರುತ್ತಾರೆ ಎಂದವರೂ ನೀವೇ ಅಲ್ಲವೇ ಸಾಹೇಬರೇ? ಅಥವಾ ಇಲಾಖೆಯ ಫೋಟೋ ಬಂದಾಗ ಕಳ್ಳರು ಗೌರವದಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆಯೇ?

ಈಗ ನನ್ನ ಜಾಣತನದ ಪಾಲಿಗೆ ಬರುತ್ತೇನೆ. ಬರೀ ನಿಮ್ಮ ತಪ್ಪು ಬರೆದು ನನ್ನದನ್ನು ಬಿಟ್ಟರೆ ಓಣಿಯವರು ಸುಮ್ಮನೆ ಬಿಡುವುದಿಲ್ಲ. ಒಬ್ಬೊಬ್ಬರೂ ಬಂದು ತಿದ್ದಿ ಹೇಳುತ್ತಾರೆ. ನಮ್ಮ ಕಡೆ ಮನೆಯಲ್ಲಿ ಜನ ಇದ್ದಾರೆ ಎಂಬುದಕ್ಕೆ ಗುರುತು ದೀಪವಲ್ಲ, ಮಗ್ಗದ ಸಪ್ಪಳ. ಸಪ್ಪಳ ನಿಂತರೆ ನೆರೆಯವರು ಇಣುಕುತ್ತಾರೆ. ಊಟಕ್ಕೆ ಕುಳಿತರೋ, ಜಡ್ಡು ಬಿದ್ದರೋ, ಊರಿಗೆ ಹೋದರೋ ಎಂದು. ಹಾಗಾದರೆ ನಾವು ಇಲ್ಲದಾಗಲೂ ಮಗ್ಗ ನಡೆಯುತ್ತಿದ್ದರೆ? ಕಳ್ಳ ಚೀಟಿ ಓದಿದರೂ ಒಳಗಿನ ಸಪ್ಪಳ ಕೇಳಿ, ಚೀಟಿ ಸುಳ್ಳೆಂದು ತಿಳಿದು ಮುಂದೆ ಹೋಗಬೇಕು. ನನ್ನ ಹಳೆಯ ಮೊಬೈಲಿನಲ್ಲಿ ನಮ್ಮ ಮಗ್ಗದ ಸಪ್ಪಳವನ್ನು ತುಂಬಿಕೊಂಡೆ. ಭಜನೆಗೆಂದು ತಂದಿದ್ದ ದೊಡ್ಡ ಸ್ಪೀಕರಿಗೆ ಅದನ್ನು ಜೋಡಿಸಿ, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಬರುವಂತೆ ಮಾಡಿ, ಮಗ್ಗದ ಮೇಲೆಯೇ ಇಟ್ಟೆ. ನಡುವೆ ಕರೆಂಟ್ ಹೋದರೆ ಸಪ್ಪಳ ನಿಂತೀತು, ಕಳ್ಳನಿಗೆ ಗೊತ್ತಾದೀತು ಎಂದು ಸ್ಪೀಕರಿನ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಟ್ಟೆ. ಎಷ್ಟು ಮುಂದಾಲೋಚನೆ ನೋಡಿ! ಹೊರಗೆ ಬಂದು ಕಿವಿಗೊಟ್ಟು ಕೇಳಿದೆ. ಸಾಕ್ಷಾತ್ ನಾನೇ ಒಳಗೆ ಕುಳಿತು ನೇಯುತ್ತಿದ್ದೇನೆ ಎನ್ನಿಸಿತು. ಜೀವನದಲ್ಲಿ ಮೊದಲ ಸಲ ಕೀಲಿಯನ್ನು ಒಂದೇ ಒಂದು ಸಲ ಜಗ್ಗಿ ಬಸ್ ಹತ್ತಿದೆ. ಮಹಾಲಿಂಗಪುರ ದಾಟುವ ತನಕ ನನ್ನ ಮುಖದಲ್ಲಿ ನಗು ಇತ್ತು ಎಂದು ಅನಸವ್ವ ಈಗಲೂ ಹೇಳುತ್ತಾಳೆ. ಹೊಗಳಿಕೆಗೆ ಹೇಳುವುದಲ್ಲ.

ಮುಧೋಳದಲ್ಲಿ ಪೂಜೆ ಮುಗಿದು ಆಯೇರಿಯ ಹೊತ್ತು. ಅಳಿಯನಿಗೆ ಶಾಲು ಹೊದಿಸಿಯಾಗಿತ್ತು. ಮಗಳು ಧನಶ್ರೀ ಸೆರಗೊಡ್ಡಿ ಉಡಿ ಹಿಡಿದು ನಿಂತಿದ್ದಳು. ಅವಳಿಗಾಗಿ ನಾನೇ ನೇಯ್ದ ಸೀರೆ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಫೋನ್. ನೋಡಿದರೆ ಪಕ್ಕದ ಮನೆಯ ಇಂದ್ರವ್ವ. ಆಕೆ ಎಂದೂ ಫೋನ್ ಮಾಡಿದವಳಲ್ಲ, ಏನಿದ್ದರೂ ಗೋಡೆಯ ಮೇಲಿಂದ ಕೂಗುವವಳು.

“ಗುರಪಾದಾ, ಎಲ್ಲಿ ಅದಿ?”

“ಮುಧೋಳದಾಗ, ಮಗಳ ಮನ್ಯಾಗ ಅದೇನಿ. ಯಾಕಬೇ?”

“ಮತ್ತ ನಿನ್ನ ಮನ್ಯಾಗ ಕುಂತು ನೇಯಾಕತ್ತಾವ ಯಾರು?”

ನನಗೆ ಒಳಗೊಳಗೇ ಖುಷಿಯಾಯಿತು. ಉಪಾಯ ಫಲಿಸಿದೆ! “ಯಾರೂ ಇಲ್ಲಬೇ, ಅದು ಹಂಗ ನಡೀತಿರಲಿ ಬಿಡು” ಎಂದೆ.

“ಹೆಂಗ ಬಿಡ್ಲಿ? ಕರೆಂಟ ಹೋಗಿ ಯಾವಾಗೋ ಆತು. ಓಣ್ಯಾಗಿನ ಮಗ್ಗಾ ಎಲ್ಲಾ ನಿಂತಾವು. ನಿಂದ ಒಂದs ನಡದೈತಿ!”

ಮಾನ್ಯರೇ, ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು. ತೊಟ್ಟಿಲಲ್ಲಿ ಮಲಗಿದ್ದಾಗ ಕೇಳಿದ ಜೋಗುಳವೇ ಆ ಸಪ್ಪಳ. ಕರೆಂಟ್ ಹೋದರೆ ಮಗ್ಗ ನಿಲ್ಲುತ್ತದೆ ಎಂಬುದು ನಮ್ಮ ಓಣಿಯ ಆಡಿಗೂ ಗೊತ್ತು. ಆ ಆಡು ಸಪ್ಪಳ ನಿಂತ ಕೂಡಲೇ ಹೊರಗೆ ಬಂದು ಬಿಸಿಲಿಗೆ ಮಲಗುತ್ತದೆ. ನನಗೊಬ್ಬನಿಗೆ ಹೊಳೆಯಲಿಲ್ಲ. ಹೊಳೆಯದಿದ್ದರೂ ಬದುಕಿಕೊಳ್ಳುತ್ತಿದ್ದೆ. ಸ್ಪೀಕರನ್ನು ಕರೆಂಟಿಗೇ ಜೋಡಿಸಿದ್ದರೆ ಎಲ್ಲರದರ ಜೊತೆ ಅದೂ ಮರ್ಯಾದೆಯಿಂದ ನಿಲ್ಲುತ್ತಿತ್ತು. ನಿಲ್ಲಬಾರದೆಂದೇ ಬ್ಯಾಟರಿ ತುಂಬಿಸಿದ್ದೆ. ಇಡೀ ಓಣಿ ಗಪ್ಪಾಗಿರುವಾಗ ಕೀಲಿ ಹಾಕಿದ ನನ್ನ ಮನೆಯೊಂದು ಖಟಕ್ ಖಟಕ್ ಎಂದು ಒದರುತ್ತಿತ್ತು.

ಆಮೇಲೆ ನಡೆದುದನ್ನು ಇಂದ್ರವ್ವನೇ ಎಷ್ಟೋ ಸಲ ಹೇಳಿದ್ದಾಳೆ, ಪ್ರತಿ ಸಲವೂ ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಓಣಿಯವರೆಲ್ಲ ನಮ್ಮ ಕಟ್ಟೆಯ ಮುಂದೆ ನೆರೆದರಂತೆ. ಒಬ್ಬರು ದೆವ್ವ ಎಂದರಂತೆ. ಇನ್ನೊಬ್ಬರು, “ದೆವ್ವ ಆದರೂ ಆಗಲಿ, ಕರೆಂಟ ಇಲ್ಲದs ನೇಯ್ತೈತಿ ಅಂದ್ರ ನಮ್ಮನಿಗೂ ಒಂದ ಬರಲಿ” ಎಂದರಂತೆ. ಬಾಗಿಲು ತಟ್ಟಿದರು. ಆಗ ಒಳಗಿನಿಂದ ಅನಸವ್ವನ ದನಿ ಬಂತು: “ಚಾ ಆರಾಕತ್ತೈತಿ, ಬರ್ರಿ!” ಸಪ್ಪಳ ತುಂಬಿಕೊಳ್ಳುವಾಗ ಆಕೆ ಒಳಗಿನಿಂದ ಕೂಗಿದ್ದು ಮೊಬೈಲಿನಲ್ಲಿ ಹಾಗೆಯೇ ಉಳಿದಿತ್ತು, ನಾನು ಅದನ್ನು ಗಮನಿಸಿರಲಿಲ್ಲ. ಜನ ಮತ್ತೆ ತಟ್ಟಿದರು. ಖಟಕ್ ಖಟಕ್ ನಡೆಯಿತು, ಸ್ವಲ್ಪ ಹೊತ್ತಿಗೆ ಮತ್ತೆ “ಚಾ ಆರಾಕತ್ತೈತಿ, ಬರ್ರಿ!” ಕರೆಯುತ್ತಾಳೆ, ಆದರೆ ಬಾಗಿಲು ತೆಗೆಯುವುದಿಲ್ಲ! ಹೊರಗೆ ಕೀಲಿ, ಒಳಗೆ ಹೆಣ್ಣಿನ ದನಿ. “ಅಯ್ಯಯ್ಯ, ಯಾರೋ ಅನಸವ್ವನ ಒಳಗ ಕೂಡಿ ಹಾಕ್ಯಾರ” ಎಂದು ಇಂದ್ರವ್ವ ಎದೆ ಬಡಿದುಕೊಂಡಳಂತೆ. ನಿಮ್ಮ ಚೀಟಿಯ ಕೆಳಗೆ ಠಾಣೆಯ ನಂಬರು ಇತ್ತಲ್ಲ, ಅದಕ್ಕೆ ಫೋನ್ ಹೊಡೆದರು. ಚೀಟಿಯಿಂದ ಆದ ಒಂದೇ ಒಂದು ಉಪಯೋಗ ಅದು. ಅದೂ ನನ್ನದೇ ಬಾಗಿಲು ಮುರಿಯಲಿಕ್ಕೆ.

ನೀವು ಬೇಗನೆ ಬಂದಿರಿ, ಅದನ್ನು ಒಪ್ಪುತ್ತೇನೆ. ಕೀಲಿ ಒಡೆಯಲು ನೋಡಿದಿರಿ. ನಾನು ಜಮಖಂಡಿಯ ಅಂಗಡಿಗಳನ್ನೆಲ್ಲ ಅಲೆದು ತಂದ ಕೀಲಿ ಅದು, ಒಡೆಯಲಿಲ್ಲ. ಆಗ ನಿಮ್ಮವರೊಬ್ಬರು ಕೊಂಡಿಯನ್ನು ಹಿಡಿದು ಒಂದೇ ಸಲ ಜಗ್ಗಿದರು. ಗೆದ್ದಲು ತಿಂದ ಚೌಕಟ್ಟಿನಿಂದ ಮೊಳೆ ಸಮೇತ ಕೊಂಡಿ ಕೈಗೆ ಬಂತು. ಅಷ್ಟು ವರ್ಷ ನಾನು ಕೀಲಿಯನ್ನು ಜಗ್ಗಿ ಜಗ್ಗಿ ನೋಡಿದೆ. ಕೊಂಡಿಯನ್ನು ಒಮ್ಮೆಯೂ ನೋಡಿರಲಿಲ್ಲ. ಕೀಲಿ ಈಗಲೂ ಗಟ್ಟಿಮುಟ್ಟಾಗಿದೆ, ತಮ್ಮ ಅವಗಾಹನೆಗೆ.

ಅತ್ತ ಮುಧೋಳದಲ್ಲಿ, ಸ್ಪೀಕರಿನ ಗುಟ್ಟು ಹೇಳಲು ನಾಚಿ ಫೋನ್ ಹಿಡಿದೇ ನಿಂತಿದ್ದ ನನಗೆ “ಪೊಲೀಸರು ಬಂದಾರಂತ” ಎಂಬ ಮಾತು ಕೇಳಿದ್ದಷ್ಟೇ ಗೊತ್ತು. ಹೆಂಡತಿ ಕರೆದಳು, ಅಳಿಯ ತಡೆದರು, ಬೀಗರು “ಹುಗ್ಗಿ ಉಂಡು ಹೋಗ್ರಿ” ಎಂದು ಹಿಂದೆ ಬಂದರು. ನಾನು ಓಡಿದೆ. ಬಸ್ಸಿನಲ್ಲಿ ಕುಳಿತು ಉಸಿರು ಬಿಟ್ಟಾಗ ನೋಡಿಕೊಂಡೆ. ಮಗಳ ಉಡಿಗೆ ಹಾಕಬೇಕಾಗಿದ್ದ ಸೀರೆ ನನ್ನ ಕಂಕುಳಲ್ಲೇ ಇತ್ತು. ಅವಳು ಉಡಿ ಹಿಡಿದು ನಿಂತಿದ್ದಳಲ್ಲ, ಹಾಗೆಯೇ ಖಾಲಿ ಉಡಿಯಲ್ಲಿ ಬಿಟ್ಟು ಬಂದಿದ್ದೆ. ಬೀಗರ ಮಂದಿಯೆಲ್ಲ ನೋಡುತ್ತಿರುವಾಗ.

ಮನೆಗೆ ಬಂದರೆ ಕಳ್ಳನೂ ಇಲ್ಲ, ದೆವ್ವವೂ ಇಲ್ಲ. ಪಡಸಾಲೆಯ ತುಂಬ ಪೊಲೀಸರು. ನೀವು ನನ್ನನ್ನು ನೋಡಿ, “ಪೊಲೀಸರ ಟೈಮ್ ಹಾಳು ಮಾಡ್ತಿಯಾ? ಇನ್ನೊಂದು ಸಲ ಹಿಂಗ ಮಾಡಿದ್ರ ಒಳಗ ಹಾಕ್ತೀನಿ” ಎಂದಿರಿ. ಒಳಗೆ ಹಾಕಿದರೆ ನಿಜವಾಗಿಯೂ ನೆಮ್ಮದಿ ಎಂದು ಆಗ ಅನ್ನಿಸಿತು. ಅಲ್ಲಿನ ಕೀಲಿಯನ್ನು ಜಗ್ಗಿ ನೋಡುವ ಜವಾಬ್ದಾರಿ ನಿಮ್ಮದು. ಸದರಿ ಸ್ಪೀಕರನ್ನು ತನಿಖೆಗೆಂದು ಒಯ್ದಿರಿ. ಠಾಣೆಯಲ್ಲಿ ಗಣಪತಿ ಕೂರಿಸಿದಾಗ ಅದರಲ್ಲೇ ಹಾಡು ಹಚ್ಚಿದ್ದರೆಂದು ಕೇಳಿದೆ. ತನಿಖೆ ಚೆನ್ನಾಗಿ ನಡೆದಿದೆ ಎಂದುಕೊಂಡೆ. ಅದನ್ನು ಇಟ್ಟುಕೊಳ್ಳಿ, ನನಗೆ ಬೇಡ. ಅದನ್ನು ಕಂಡರೆ ಅನಸವ್ವ ಒಲೆಗೆ ಹಾಕುತ್ತಾಳೆ. ಈಗಲೂ ಆಕೆ ನೀರಿಗೆ ಹೋದರೆ ಹೆಂಗಸರು ಕೇಳುತ್ತಾರೆ: “ಅನಸವ್ವಾ, ಚಾ ಆರಿತೇನಬೇ?”

ಆದರೆ ಚೀಟಿಯನ್ನು ನೀವು ಒಯ್ಯಲಿಲ್ಲ. ನಾವು ತಿರುಗಿ ಬಂದ ಮೇಲೆ ಅದಕ್ಕೇನು ಕೆಲಸ? ಕೆಲಸ ಅದಕ್ಕಿಲ್ಲ, ನನಗಿದೆ. ಗ್ಯಾಸಿನವರು ಬಂದು ಓದಿ, ಸಿಲಿಂಡರ್ ಇಳಿಸದೆ ತಿರುಗಿ ಹೋದರು. ನಾನು ಒಳಗೆ ನೇಯುತ್ತಲೇ ಇದ್ದೆ. ಆ ಸಪ್ಪಳವನ್ನು ಕೇಳಿ ಅವರು ಅನುಮಾನಿಸಿದರೂ, “ಆ ಮನಿ ಮಗ್ಗದ ಸಪ್ಪಳ ನಂಬಬ್ಯಾಡ್ರಿ” ಎಂದು ಎದುರುಮನೆಯವರು ಹೇಳಿ ಕಳಿಸಿದರಂತೆ. ಲಗ್ನಪತ್ರಿಕೆಗಳನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ ಹೋಗುತ್ತಾರೆ, ಅಕ್ಷತೆ ಕೊಟ್ಟು ಕರೆಯುವುದಿಲ್ಲ. ಇರುವ ಮನೆಯಲ್ಲಿ ಇಲ್ಲದವನಾಗಿದ್ದೇನೆ. ಚೀಟಿಗೆ ಬಿಸಿನೀರು ಹಾಕಿ ಕೆರೆದು ತೆಗೆಯಲು ಹೋದೆ. ದಾರಿಯಲ್ಲಿ ಗಸ್ತು ಹೋಗುತ್ತಿದ್ದ ನಿಮ್ಮ ಬೀಟಿನವರು ಗಾಡಿ ನಿಲ್ಲಿಸಿ, “ಸರಕಾರಿ ಚೀಟಿ ಅದು, ಕಿತ್ತಬ್ಯಾಡ, ಕೇಸ್ ಆಕ್ಕೈತಿ” ಎಂದರು. ಅಂದಿನಿಂದ ಆ ಕಡೆಗೆ ನೀರು ಕೂಡ ಸಿಡಿಸಿಲ್ಲ. ಮಳೆಗಾಲದಲ್ಲಿ ತಾನೇ ಉದುರೀತೆಂದು ಕಾದೆ. ಗೋಡೆಯ ಸುಣ್ಣ ಉದುರಿತು, ಚೀಟಿ ಉದುರಲಿಲ್ಲ. ಸರಕಾರಿ ಕೆಲಸ ಗಟ್ಟಿಯಾಗಿರುವುದಿಲ್ಲ ಎನ್ನುವವರನ್ನು ನಮ್ಮ ಬಾಗಿಲಿಗೆ ಕರೆತರಬೇಕು.

ನೀವು ಹೇಳಿದ ಬೇರೆ ಉಪಾಯಗಳನ್ನು ನಾನು ಯೋಚಿಸಿಲ್ಲ ಎಂದುಕೊಳ್ಳಬೇಡಿ. ಯೋಚಿಸುವುದು ಬಿಟ್ಟು ನಾನು ಬೇರೇನು ಮಾಡುತ್ತೇನೆ? ಕ್ಯಾಮೆರಾ ಹಾಕಿಸಿದರೆ ಊರಿಗೆ ಹೋದಲ್ಲೆಲ್ಲ ಮೊಬೈಲಿನಲ್ಲಿ ಅದನ್ನೇ ನೋಡುತ್ತ ಕೂರುತ್ತೇನೆ. ಬೆಕ್ಕು ಹಾದುಹೋದರೂ ಬಸ್ ಹತ್ತುತ್ತೇನೆ. ಅಳಿಯ ಒಂದು ಮುಧೋಳ ನಾಯಿ ತಂದುಕೊಡುತ್ತೇನೆ ಎಂದರು. ಬಹಳ ಛಲೋ ನಾಯಿ, ಓಟದಲ್ಲಿ ಅದನ್ನು ಮೀರಿಸುವ ನಾಯಿ ಇಲ್ಲ. ಆದರೆ ನಾವು ಊರಿಗೆ ಹೋದಾಗ ಅದಕ್ಕೆ ರೊಟ್ಟಿ ಹಾಕುವವರು ಯಾರು? ರೊಟ್ಟಿ ಹಾಕಲು ಒಬ್ಬರು ಮನೆಯಲ್ಲಿ ಉಳಿಯಬೇಕು. ಒಬ್ಬರು ಉಳಿಯುವುದಾದರೆ ನಾಯಿ ಯಾಕೆ ಬೇಕು? ಮೇಲಾಗಿ ಅಂಥ ನಾಯಿಯನ್ನೇ ಕಳವು ಮಾಡಿದರೆ? ಆಗ ನಾಯಿಯನ್ನು ಕಾಯಲು ಇನ್ನೊಂದು ನಾಯಿ. ಅನಸವ್ವ ಇಷ್ಟಕ್ಕೇ ನನ್ನ ಮಾತು ನಿಲ್ಲಿಸಿದಳು.

ಖರೆ ಹೇಳಬೇಕೆಂದರೆ ಅಂದು ನನ್ನ ಮನೆಯನ್ನು ಕಾಯ್ದದ್ದು ಚೀಟಿಯಲ್ಲ, ಸ್ಪೀಕರಲ್ಲ. ಕರೆಂಟ್ ಹೋದ ಕೂಡಲೇ, “ಇವನ ಮನ್ಯಾಗ ಏನೋ ಸರಿ ಇಲ್ಲ” ಎಂದು ಊಟ ಬಿಟ್ಟು ಎದ್ದು ಬಂದರಲ್ಲ, ಅವರು. ಒಳಗೆ ಯಾರಿದ್ದಾರೋ ತಿಳಿಯದೆಯೂ ಇಂದ್ರವ್ವ ಕೈಯಲ್ಲಿ ಒನಕೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳಂತೆ. ಅದನ್ನು ಆಕೆ ಕಥೆಯಲ್ಲಿ ಹೇಳುವುದಿಲ್ಲ, ಬೇರೆಯವರು ಹೇಳಿದರು. ನಾನು ಅವರೆಲ್ಲರಿಗೆ ಮೋಸ ಮಾಡಲೆಂದೇ ಸಪ್ಪಳ ಇಟ್ಟು ಹೋಗಿದ್ದೆ. ಊರಿಗೆ ಹೋಗುತ್ತೇನೆ, ಸ್ವಲ್ಪ ಮನೆ ಕಡೆ ನೋಡಿರಿ ಎಂದು ಪಕ್ಕದ ಮನೆಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಸುದ್ದಿ ಹಬ್ಬೀತು ಎಂಬ ಭಯ. ಠಾಣೆಗೆ ಹೇಳಿದೆ, ಪಕ್ಕದ ಮನೆಗೆ ಹೇಳಲಿಲ್ಲ. ಇದಕ್ಕಿಂತ ದಡ್ಡತನ ಇನ್ನೇನಿದೆ?

ಇನ್ನು ಮಗಳ ಮಾತು. ಕುಬಸದ ದಿನ ಗೊತ್ತಾದಾಗ ಅವಳೇ ಫೋನ್ ಮಾಡಿದಳು. ಸೀರೆ ನೇಯ್ದಾಗಿದೆ, ಹಸಿರಿನದು, ಅಂಚು ಚೆನ್ನಾಗಿ ಬಂದಿದೆ, ಬೇಕಾದರೆ ಅವ್ವನ ಕೈಯಲ್ಲಿ ಕಳಿಸುತ್ತೇನೆ ಎಂದೆ.

“ಅಪ್ಪಾ, ಸೀರಿ ಕಳಸಬ್ಯಾಡ. ನೀನs ತಗೊಂಡು ಬಾ. ನಿನ್ನ ಕೈಲೆ ಉಡ್ಯಾಗ ಹಾಕು. ಹಾಕಿ, ಕುಂತು, ಉಣ್ಣು.”

“ಬರತೇನವಾ, ಬರಲಾರದs ಇರತೇನೇನ...”

“ಬಂದು ನಡುವs ಎದ್ದು ಹೋಗುದಿದ್ರ ಬರಬ್ಯಾಡ. ಇನ್ನೊಮ್ಮಿ ಅಷ್ಟು ಮಂದ್ಯಾಗ ಖಾಲಿ ಉಡಿ ಹಿಡಕೊಂಡು ನಿಂದರಾಕ ನನ್ನ ಕೈಲೆ ಆಗುದಿಲ್ಲ.”

ಸಿಟ್ಟಿನಿಂದ ಹೇಳಿದ್ದರೆ ನಾನು ಏನಾದರೂ ಹೇಳಿ ಜಾರಿಕೊಳ್ಳುತ್ತಿದ್ದೆ. ಅವಳು ಸಮಾಧಾನದಿಂದ ಹೇಳಿದಳು. ಅಂದಿನಿಂದ ನನಗೆ ಕಳ್ಳನ ಕನಸಿನ ಜೊತೆ ಇನ್ನೊಂದು ಕನಸೂ ಬೀಳುತ್ತಿದೆ, ಅದರಲ್ಲಿ ಕಳ್ಳ ಬರುವುದಿಲ್ಲ. ಅದನ್ನು ಬರೆಯುವುದಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಒಂದೋ ನಿಮ್ಮ ಚೀಟಿಯನ್ನು ನಿಮ್ಮ ಕೈಯಿಂದಲೇ ಕಿತ್ತು ಹಾಕಿಸಿ, ಏಕೆಂದರೆ ನನ್ನ ಕೈಗೆ ಕೇಸಿನ ಭಯವಿದೆ. ಇಲ್ಲವೇ ಊರಿನ ಎಲ್ಲ ಮನೆಗಳಿಗೂ ಅಂಟಿಸಿ. ಇದ್ದವರ ಮನೆಗೂ, ಇಲ್ಲದವರ ಮನೆಗೂ, ಸಾವಕಾರರ ಬಂಗಲೆಗೂ, ತಮ್ಮ ಕ್ವಾರ್ಟರ್ಸಿಗೂ. ಎಲ್ಲರೂ ಪರಸ್ಥಳಕ್ಕೆ ತೆರಳಿರಲಿ. ಕಳ್ಳ ಓಣಿಯ ತುಂಬ ಓದುತ್ತ ಹೋಗಿ, ಯಾವುದು ಖರೆ ಯಾವುದು ಸುಳ್ಳು ತಿಳಿಯದೆ ತಲೆ ಕೆಟ್ಟು ಬೇರೆ ಉದ್ಯೋಗ ಹುಡುಕಲಿ. ಒಂದೇ ಬಾಗಿಲಿಗೆ ಅಂಟಿಸುವುದು ರಕ್ಷಣೆಯಲ್ಲ, ವಿಳಾಸ. ಹಾಗೆಯೇ ಮುಂದಿನ ಸಭೆಯಲ್ಲಿ ಕ್ಯಾಮೆರಾ, ನಾಯಿಗಳ ಜೊತೆ ಇನ್ನೊಂದು ಮಾತು ಸೇರಿಸಿ: ಊರಿಗೆ ಹೋಗುವ ಮೊದಲು ಪಕ್ಕದ ಮನೆಗೆ ಹೇಳಿ ಹೋಗಿ. ನಾನಂತೂ ಹೇಳಿದ್ದೇನೆ. ನಿನ್ನೆ ಗೋಡೆಯ ಹತ್ತಿರ ನಿಂತು, “ಇಂದ್ರವ್ವಾ, ಕುಬಸಕ್ಕ ಹೊಂಟೇವಿ, ಮನಿ ಕಡಿ ಒಂದೀಟು ಲಕ್ಷ್ಯ ಇರಲಿಬೇ” ಎಂದೆ. ಆಕೆ ಮಗ್ಗ ನಿಲ್ಲಿಸದೆಯೇ ಕೂಗಿದಳು: “ಹೋಗಿ ಬಾ. ಈ ಸಲ ಚಾ ಅಷ್ಟ ಕುಡದು ಹೋಗು!”

ಈ ಪತ್ರ ಅಚ್ಚಾದರೆ ನಾನು ಊರಲ್ಲಿಲ್ಲ ಎಂಬುದು ಓದಿದವರಿಗೆಲ್ಲ ತಿಳಿಯುತ್ತದೆ, ನೀವು ಒಂದು ಬಾಗಿಲಿಗೆ ಹಾಕಿದ್ದನ್ನು ನಾನು ಪತ್ರಿಕೆಗೇ ಹಾಕಿದಂತಾಯಿತು ಎಂದು ಬರೆದು ಮುಗಿಸುವ ಹೊತ್ತಿಗೆ ಹೊಳೆಯಿತು. ಹರಿದು ಹಾಕಲು ಹೋದೆ. ಅನಸವ್ವ ಕೈ ಹಿಡಿದಳು. “ಇರಲಿ ಬಿಡ್ರಿ. ಕಳ್ಳರು ಓದಿದರ ಅವರಿಗೂ ಮನ್ಯಾಗ ಏನೂ ಇಲ್ಲ ಅನ್ನೂದು ಗೊತ್ತಾಗಲಿ.” ಆದ್ದರಿಂದ ಕಳ್ಳರಲ್ಲಿಯೂ ವಿನಂತಿ: ಮಗ್ಗ ಭಾರ ಇದೆ, ಕೊಂಡಿ ಹೊಸದು, ಪಕ್ಕದಲ್ಲಿ ಒನಕೆ ಇದೆ.

ಇಂತಿ,
ಮನೆಯಲ್ಲಿದ್ದರೂ ಪರಸ್ಥಳಕ್ಕೆ ತೆರಳಿರುವ,
ಕರೆಂಟಿಲ್ಲದೆ ನೇಯ್ದವನೆಂದು ಹೆಸರಾದ,
ನಿಮ್ಮ ಸದರಿ ಮಾಲೀಕ
ಗುರುಪಾದ

ತಾ.ಕ.: ಇದನ್ನು ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಸೇರಿಸುತ್ತಿದ್ದೇನೆ. ಸೀರೆ ತೊಡೆಯ ಮೇಲಿದೆ, ಅನಸವ್ವ ಪಕ್ಕದಲ್ಲಿದ್ದಾಳೆ, ಬಸ್ ಬಂದು ನಿಂತಿದೆ. ಮುಂಬಾಗಿಲಿನ ಕೀಲಿ, ಕೊಂಡಿ ಎರಡನ್ನೂ ಜಗ್ಗಿದ್ದೇನೆ. ಹಿತ್ತಲ ಬಾಗಿಲ ಚಿಲಕ ಹಾಕಿದ್ದು ನೆನಪಿದೆ. ಆದರೆ ಅದು ಇವತ್ತಿನ ನೆನಪೋ, ನಿನ್ನೆಯದೋ ತಿಳಿಯುತ್ತಿಲ್ಲ. ನಾನು ತಿರುಗಿ ಹೋಗುವುದಿಲ್ಲ. ನಿಮ್ಮ ಬೀಟಿನವರು ಆ ಕಡೆ ಬಂದಾಗ ಹಿತ್ತಲಿಗೆ ಹೋಗಿ ಬಾಗಿಲನ್ನು ಸ್ವಲ್ಪ ದೂಡಿ ನೋಡಲಿ. ತೆರೆದುಕೊಂಡರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳಲಿ. ಆಮೇಲೆ ಅವರು ಹೊರಗೆ ಬರುವುದು ಹೇಗೆ ಎಂದು ನನಗೂ ಹೊಳೆಯುತ್ತಿಲ್ಲ. ನಾವು ಬರುವ ತನಕ ಅಲ್ಲೇ ಕುಳಿತಿರಲಿ. ಉಪ್ಪಿನ ಡಬ್ಬಿ ಎಡಗಡೆ ಫಳಿಯ ಮೇಲಿದೆ. ಒಂದೇ ಮಾತು: ಚಿಲಕ ಹಾಕಿರದಿದ್ದರೂ ನನಗೆ ಫೋನ್ ಮಾಡಬೇಡಿ. ಮೊದಲು ಸೀರೆ ನನ್ನ ಮಗಳ ಉಡಿಗೆ ಬೀಳಲಿ. ಆಮೇಲೆ, ದಯವಿಟ್ಟು, ಇನ್ನೊಮ್ಮೆ ನೋಡಿರಿ.